ಹದಿನಾಲ್ಕು ಹೆಜ್ಜೆಯ ಅಂಗಳ

ನಮ್ಮ ಮನೆಯ ಅಡುಗೆಕೋಣೆಯ ಹಿಂಬಾಗಿಲಿನಿಂದ ಹಳೆಯ ಕಾಫಿ ಸ್ಟೋರಿನ ಬಾಗಿಲಿಗೆ ಸರಿಯಾಗಿ ಹದಿನಾಲ್ಕು ಹೆಜ್ಜೆ. ಆ ಸ್ಟೋರಿನಲ್ಲಿ ಈಗ ಕಾಫಿ ಮೂಟೆಗಳಿಲ್ಲ. ಮರದ ಅಚ್ಚು ಕೆತ್ತುವ ನನ್ನ ಮೇಜು, ಶಾಯಿಯ ಡಬ್ಬಿಗಳು, ಕಾಗದದ ಕಟ್ಟುಗಳು, ಅಚ್ಚೊತ್ತುವ ಒಂದು ಸಣ್ಣ ಪ್ರೆಸ್ಸು ಅಲ್ಲಿವೆ. ಕಳೆದ ಮೇ ತಿಂಗಳಲ್ಲಿ, ಮಳೆ ಹಿಡಿಯುವ ಮುನ್ನ, ಈ ಹದಿನಾಲ್ಕು ಹೆಜ್ಜೆಗೆ ಒಂದು ಶೀಟಿನ ಮಾಡು ಹಾಕಿಸಿಬಿಡೋಣ ಎಂದು ನಮ್ಮ ಯಜಮಾನರು ಹೇಳಿದರು. ಮಳೆಗಾಲದಲ್ಲಿ ದಿನಕ್ಕೆ ಎಂಟು ಹತ್ತು ಸಲ ಕೊಡೆ ಬಿಡಿಸಿ, ಮಡಿಸಿ, ಸೀರೆಯ ಅಂಚು ಎತ್ತಿಕೊಂಡು ಓಡಾಡುವ ನನ್ನ ಪಾಡು ನೋಡಿ ಆಡಿದ ಮಾತು ಅದು. ಕೊಡಗಿನ ಭಾಗಮಂಡಲದ ಕಡೆಯ ಈ ಮಳೆ ಕೆಲವು ವರ್ಷ 5000 ಮಿಲಿಮೀಟರನ್ನೂ ದಾಟುತ್ತದೆ ಎಂಬುದನ್ನು ನೆನೆದರೆ ಯಾರಾದರೂ ಕೂಡಲೇ ಒಪ್ಪಬೇಕಾದ ಮಾತು. ನನಗೆ ಒಪ್ಪಲಾಗಲಿಲ್ಲ. ಏಕೆಂದು ಹೇಳುವುದಕ್ಕೂ ಆಗ ಬರಲಿಲ್ಲ.

ಕಲಾವಿದರು ತಮಗಾಗಿ ಕಟ್ಟಿಕೊಂಡ ಮನೆಗಳ ಬಗ್ಗೆ ನನಗೆ ಮೈಸೂರಿನಲ್ಲಿ ಓದುತ್ತಿದ್ದ ದಿನಗಳಿಂದಲೂ ಆಸಕ್ತಿ. ಗೋಡೆ, ಬಾಗಿಲು, ಮೇಜು, ಪರದೆ, ತಟ್ಟೆ, ತೋಟ, ಕೆಲಸದ ಕೋಣೆ ಎಲ್ಲವೂ ಒಂದೇ ಮನಸ್ಸಿನ ತೀರ್ಮಾನದಂತೆ ಕಾಣುವ ಮನೆಗಳು ಅವು. ಗ್ರಂಥಾಲಯದ ದಪ್ಪ ಪುಸ್ತಕಗಳಲ್ಲಿ ಅವುಗಳ ಚಿತ್ರಗಳನ್ನು ನೋಡುವಾಗ ನಾನು ಆಗ ಗಮನಿಸುತ್ತಿದ್ದದ್ದು ಕೋಣೆಗಳನ್ನು. ಈಗ ಅದೇ ಚಿತ್ರಗಳನ್ನು ಮತ್ತೆ ತೆರೆದರೆ ಕಣ್ಣು ಹೋಗುವುದು ಕೋಣೆಗಳ ನಡುವೆ ಉಳಿದ ಜಾಗಕ್ಕೆ. ಬದುಕುವ ಜಾಗಕ್ಕೂ ಕೆಲಸದ ಜಾಗಕ್ಕೂ ನಡುವೆ ಎಷ್ಟು ದೂರ, ಆ ದೂರವನ್ನು ಹೇಗೆ ದಾಟುತ್ತಿದ್ದರು, ದಾಟುವಾಗ ಏನು ಕಾಣುತ್ತಿತ್ತು ಎಂಬುದೇ ಆ ಮನೆಗಳ ವಿನ್ಯಾಸದ ತಿರುಳು ಎಂದು ನನಗೆ ಈಗ ಅನ್ನಿಸುತ್ತದೆ.

ಈ ದೂರದ ಲೆಕ್ಕ ತಪ್ಪಿದರೆ ಎಂಥ ಮನೆಯೂ ಉಳಿಯುವುದಿಲ್ಲ. ಇಂಗ್ಲೆಂಡಿನ ವಿನ್ಯಾಸಕಾರ ವಿಲಿಯಂ ಮಾರಿಸ್ ತನ್ನ ಗೆಳೆಯ, ವಾಸ್ತುಶಿಲ್ಪಿ ಫಿಲಿಪ್ ವೆಬ್‌ನಿಂದ 1859ರಲ್ಲಿ ವಿನ್ಯಾಸ ಮಾಡಿಸಿ, ಮರುವರ್ಷ ಹೆಂಡತಿ ಜೇನ್ ಜೊತೆ ಕಾಲಿಟ್ಟ ಕೆಂಪು ಇಟ್ಟಿಗೆಯ ಮನೆ, ರೆಡ್ ಹೌಸ್, ಇದಕ್ಕೆ ದೊಡ್ಡ ಉದಾಹರಣೆ. ಅಂಗಡಿಗಳಲ್ಲಿ ಸಿಗುವ ಸಾಮಾನು ಯಾವುದೂ ಮನಸ್ಸಿಗೆ ಬಾರದೆ ಆತ ಮತ್ತು ಗೆಳೆಯರು ಗೋಡೆಯ ಚಿತ್ರ, ಕಸೂತಿಯ ಪರದೆ, ಬಣ್ಣದ ಗಾಜು, ಪೀಠೋಪಕರಣ ಎಲ್ಲವನ್ನೂ ತಾವೇ ಮಾಡಿದರು. ಆ ಕೂಡು ಕೆಲಸದಿಂದಲೇ 1861ರಲ್ಲಿ ಅವರ ಕಂಪನಿ ಹುಟ್ಟಿತು. ಕಂಪನಿಯ ಕಾರ್ಯಾಗಾರ ಮಾತ್ರ ಲಂಡನ್ನಿನಲ್ಲಿತ್ತು, ಮನೆಯಿಂದ ಸುಮಾರು 10 ಮೈಲಿ ದೂರ. ಕಾರ್ಯಾಗಾರವನ್ನೇ ಮನೆಯ ಪಕ್ಕಕ್ಕೆ ತರಲು, ಗೆಳೆಯ ಬರ್ನ್-ಜೋನ್ಸ್‌ನ ಕುಟುಂಬಕ್ಕೂ ಒಂದು ಭಾಗ ಸೇರಿಸಿ ಮನೆಯನ್ನು ಬೆಳೆಸಲು ಯೋಜನೆ ಸಿದ್ಧವಾಯಿತು. ಆದರೆ ಗೆಳೆಯನ ಮನೆಯಲ್ಲಿ ಕಾಯಿಲೆ ಬಂದು, ಮಗುವೊಂದು ತೀರಿಕೊಂಡು, ಅದು ಕೈಗೂಡಲಿಲ್ಲ. ನಿತ್ಯದ ಪ್ರಯಾಣದಲ್ಲಿ ಮಾರಿಸ್ ಸೋತ. ಐದೇ ವರ್ಷಕ್ಕೆ, 1865ರಲ್ಲಿ, ಆ ಮನೆಯನ್ನು ಬಿಟ್ಟು ಲಂಡನ್ನಿನಲ್ಲಿ ಕೆಲಸವೂ ವಾಸವೂ ಒಂದೇ ಸೂರಿನಡಿ ಇರುವ ಮನೆಗೆ ಹೋದ. ಇಷ್ಟು ಪ್ರೀತಿಯಿಂದ ಕಟ್ಟಿದ ಮನೆಯೊಂದು 10 ಮೈಲಿಯ ಕಾರಣಕ್ಕೆ ಕೈತಪ್ಪಿದ್ದು ನನಗೆ ಈಗಲೂ ನೋವಿನ ಸಂಗತಿಯಾಗಿ ಕಾಣುತ್ತದೆ. ಆ ಮನೆಯ ತೋಟದ ಕಡೆಗೆ ಒಂದು ಪಡಸಾಲೆಯಿದೆ. ಹಿಂದೆ ಕ್ಯಾಂಟರ್ಬರಿಗೆ ಹೋಗುತ್ತಿದ್ದ ಯಾತ್ರಿಕರ ನೆನಪಿನಲ್ಲಿ ಅದಕ್ಕೆ ಯಾತ್ರಿಕರ ತಂಗುದಾಣ ಎಂಬ ಅರ್ಥದ ಹೆಸರಿಟ್ಟು, ಕೂರಲು ಬೆಂಚು ಹಾಕಿದ್ದಾರೆ. ಅದರ ಚಿತ್ರ ನೋಡಿದಾಗಲೆಲ್ಲ ನನಗೆ ನಮ್ಮ ಐನ್‌ಮನೆಯ ಜಗಲಿ ಕಣ್ಣ ಮುಂದೆ ಬರುತ್ತದೆ.

ನಾನು ಸುಳ್ಯದ ಕಡೆಯವಳು. ಮದುವೆಯಾಗಿ ಚೇರಂಬಾಣೆಯ ಹತ್ತಿರದ ಈ ಅರೆಭಾಷೆ ಗೌಡ ಕುಟುಂಬಕ್ಕೆ ಬಂದೆ. ಐನ್‌ಮನೆ, ಅಂದರೆ ಇಡೀ ಕುಟುಂಬಕ್ಕೆ ಸೇರಿದ ಮೂಲಮನೆ, ನಾವಿರುವ ಮನೆಯಿಂದ ಗದ್ದೆಯ ಆಚೆ ದಿಬ್ಬದ ಮೇಲಿದೆ. ಮೊದಲ ಸಲ ಅಲ್ಲಿಗೆ ಹೋದಾಗ ನನ್ನನ್ನು ತಡೆದು ನಿಲ್ಲಿಸಿದ್ದು ಕೆತ್ತನೆಯ ಬಾಗಿಲುವಾಡವಲ್ಲ, ಜಗಲಿಯ ಕಂಬಗಳ ನಡುವಿನ ಹಲಗೆ. ಕೊಡವರು ಜಗಲಿಯನ್ನು ಕೈಯಾಲೆ ಎನ್ನುತ್ತಾರೆ, ಕಂಬದಿಂದ ಕಂಬಕ್ಕೆ ಕೂರಿಸಿದ ಆ ಅಗಲದ, ದಪ್ಪನೆಯ ಹಲಗೆಗೆ ಐಮರ ಎನ್ನುತ್ತಾರೆ. ತಲೆಮಾರುಗಳು ಕುಳಿತು ಎದ್ದು ಅದರ ಮೈ ನುಣುಪಾಗಿ, ಮಳೆಗಾಲದ ಮಬ್ಬಿನಲ್ಲೂ ಮಂದವಾಗಿ ಹೊಳೆಯುತ್ತದೆ. ಅಲ್ಲಿ ಕುಳಿತವರು ಮನೆಯ ಒಳಗೂ ಇಲ್ಲ, ಹೊರಗೂ ಇಲ್ಲ. ಬೆನ್ನ ಹಿಂದೆ ದೀಪ ಉರಿಯುವ ನಡುಮನೆ, ಎದುರಿಗೆ ಅಂಗಳ, ಅದರಾಚೆ ಗದ್ದೆ. ಹಿರಿಯರು ಪಂಚಾಯಿತಿ ಮಾಡಿದ್ದು, ಆಳುಗಳಿಗೆ ಲೆಕ್ಕ ಒಪ್ಪಿಸಿದ್ದು, ನೆಂಟರನ್ನು ಎದುರುಗೊಂಡದ್ದು ಎಲ್ಲ ಅಲ್ಲಿಯೇ.

ಆ ಮನೆಗಳನ್ನು ಕಟ್ಟಿದ ಬಡಗಿಗಳ ಹೆಸರು ನಮಗೆ ಗೊತ್ತಿಲ್ಲ. ಐರಿಗಳು, ಆಚಾರಿಗಳು ಎಂದು ಕುಲದ ಹೆಸರನ್ನಷ್ಟೇ ಹೇಳುತ್ತೇವೆ. ಆದರೆ ಸೂರಿನ ಇಳಿಜಾರು ಎಷ್ಟಿರಬೇಕು, ಮಣ್ಣಿನ ಗೋಡೆಗೆ ಇರಚಲು ತಾಗದಂತೆ ಮಾಡು ಎಷ್ಟು ಮುಂದೆ ಚಾಚಬೇಕು, ಒಲೆಯ ಹೊಗೆ ಅಟ್ಟದ ಮರವನ್ನು ಹೇಗೆ ಸವರಿ ಹೋಗಬೇಕು ಎಂಬುದನ್ನು ಅವರು ಅಳೆದು ಮಾಡಿದ್ದಾರೆ. ಕಲಾವಿದನ ಮನೆ ಎಂದು ಜಗತ್ತು ಹೊಗಳುವ ಗುಣ ಯಾವುದೋ ಅದು ಇಲ್ಲಿಯೂ ಇದೆ. ಯಾವುದೂ ಆಮೇಲೆ ಅಂಟಿಸಿದ ಅಲಂಕಾರವಲ್ಲ, ಪ್ರತಿಯೊಂದಕ್ಕೂ ಇನ್ನೊಂದರ ಜೊತೆ ಕೆಲಸವಿದೆ. ಕಕ್ಕಬ್ಬೆಯ ಹತ್ತಿರದ ನಾಲ್ಕುನಾಡು ಅರಮನೆಯನ್ನು ದೊಡ್ಡ ವೀರರಾಜೇಂದ್ರ 1792ರಿಂದ 1794ರ ನಡುವೆ ಕಟ್ಟಿಸಿದ. ಅಲ್ಲಿ ಕೆತ್ತಿದ ಮರವೂ ಬಣ್ಣದ ಚಿತ್ರಗಳೂ ಇವೆ, ನೋಡಿ ಸಂತೋಷಪಟ್ಟಿದ್ದೇನೆ. ಆದರೂ ವಿನ್ಯಾಸದ ಪಾಠಕ್ಕೆ ನಾನು ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋಗುತ್ತಿದ್ದದ್ದು ಐನ್‌ಮನೆಗೇ.

ಇಷ್ಟೆಲ್ಲ ಕಣ್ಣ ಮುಂದೆಯೇ ಇದ್ದರೂ ನನ್ನ ಮೊದಲ ಸ್ಟುಡಿಯೊ ಕಟ್ಟಿಸುವಾಗ ನಾನು ಅದನ್ನು ನೋಡಲಿಲ್ಲ. ಮಡಿಕೇರಿಯ ಶಾಲೆಯೊಂದರಲ್ಲಿ ಚಿತ್ರಕಲೆ ಕಲಿಸುತ್ತಿದ್ದ ವರ್ಷಗಳವು. ನಾವಿದ್ದ ಮನೆಯ ತಾರಸಿಯ ಮೇಲೆ ಒಂದು ಕೋಣೆ ಎಬ್ಬಿಸಿ, ಉತ್ತರದ ಗೋಡೆಗೆ ಪೂರ್ತಿ ಗಾಜು ಹಾಕಿಸಿದೆ. ಕಲಾವಿದನಿಗೆ ಉತ್ತರದ ಬೆಳಕು ಬೇಕು ಎಂಬುದು ಪುಸ್ತಕದ ಪಾಠ. ಯುರೋಪಿನಲ್ಲಿ ಸೂರ್ಯ ಮಧ್ಯಾಹ್ನ ಯಾವಾಗಲೂ ದಕ್ಷಿಣಕ್ಕೇ ಇರುವುದರಿಂದ ಉತ್ತರದ ಕಿಟಕಿಗೆ ನೇರ ಬಿಸಿಲು ಬೀಳದೆ, ದಿನವಿಡೀ ಒಂದೇ ಸಮನಾದ ಬೆಳಕು ಬರುತ್ತದೆ. ಕೊಡಗು ಇರುವುದು ಸುಮಾರು 12 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಇಲ್ಲಿ ಏಪ್ರಿಲ್ ಕೊನೆಯಿಂದ ಆಗಸ್ಟ್ ಮೂರನೆಯ ವಾರದವರೆಗೆ ಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಉತ್ತರಕ್ಕೆ ವಾಲಿರುತ್ತಾನೆ. ಮೇ ತಿಂಗಳಲ್ಲಿ ಬಿಸಿಲು ಗಾಜಿನಿಂದ ನೇರ ಮೇಜಿಗೇ ಬಂತು. ಜೂನ್ ಬಂದ ಮೇಲೆ ಸೂರ್ಯನೇ ಇಲ್ಲ, ಗಾಜಿನ ಮೇಲೆ ನೀರಿನ ಪರದೆ. ಗಾಳಿಯಾಡದ ಕೋಣೆಯಲ್ಲಿ ತೇವ ಕೂತು, ಎರಡು ವರ್ಷದ ಕೆಲಸದ ಮೇಲೆ ಬೂಷ್ಟು ಹಬ್ಬಿತು. ನಲವತ್ತಕ್ಕೂ ಹೆಚ್ಚು ಅಚ್ಚುಚಿತ್ರಗಳು ಹಾಳಾದವು, ಕೆತ್ತಿದ ಹಲಗೆಗಳು ಸೊಟ್ಟಗಾದವು. ಗಾಜು ಕೂರಿಸಿದವರ ತಪ್ಪಲ್ಲ ಅದು. ಬೇರೆ ಆಕಾಶಕ್ಕೆ ಬರೆದ ನಿಯಮವನ್ನು ನಾನು ಈ ಆಕಾಶದ ಕೆಳಗೆ ತಂದಿದ್ದೆ.

ಮಾವನವರು ತೀರಿಕೊಂಡ ಮೇಲೆ ಊರಿಗೇ ಬಂದು ನಿಂತೆವು. ಹಳೆಯ ಸ್ಟೋರಿನ ಬೀಗ ತೆಗೆದ ದಿನ ಜುಲೈ ತಿಂಗಳ ನಡುಭಾಗ. ಹೊರಗೆ ಎಲ್ಲವೂ ತೊಯ್ದು ಭಾರವಾಗಿದ್ದಾಗ ಒಳಗಿನ ಗಾಳಿ ಹಗುರವಾಗಿತ್ತು. ಕಾಫಿಯನ್ನು ತೇವಾಂಶ ಶೇ. 10ರಿಂದ 11ರ ಆಸುಪಾಸಿಗೆ ಬರುವವರೆಗೆ ಕಣದಲ್ಲಿ ಒಣಗಿಸಿ, ಆ ಒಣಗು ಕೆಡದಂತೆ ಕಾಪಾಡುವುದಕ್ಕೆಂದೇ ಕಟ್ಟಿದ ಕಟ್ಟಡ ಅದು. ನೆಲದಿಂದ ಎರಡಡಿ ಎತ್ತರಕ್ಕೆ ಮರದ ಹಾಸು, ಅದರ ಕೆಳಗೆ ಗಾಳಿ ಓಡಾಡಲು ಕಿಂಡಿ, ಮಾಡಿನ ಕೆಳಗೆ ಸುತ್ತಲೂ ಜಾಲರಿ, ಮೇಲೆ ಮಂಗಳೂರು ಹಂಚು. ಕಾಫಿಗೆ ಬೇಕಾದ ಹವೆಯೇ ಕಾಗದಕ್ಕೂ ಬೇಕು ಎಂಬುದು ನನಗೆ ಆ ಕ್ಷಣ ಹೊಳೆಯಿತು. ಎಷ್ಟೋ ವರ್ಷ ಹುಡುಕಿದ ಸ್ಟುಡಿಯೊವನ್ನು ಯಾರೋ ಬೇರೆ ಕೆಲಸಕ್ಕಾಗಿ ನಾನು ಹುಟ್ಟುವ ಮೊದಲೇ ಕಟ್ಟಿಟ್ಟಿದ್ದರು. ನಾನು ಮಾಡಿಸಿದ ಬದಲಾವಣೆ ಎರಡೇ: ಪೂರ್ವದ ಗೋಡೆಗೆ ಒಂದು ಕಿಟಕಿ, ಹಂಚುಗಳ ನಡುವೆ ನಾಲ್ಕು ಗಾಜಿನ ಹಂಚು.

ಬಾರ್ಬರಾ ಹೆಪ್‌ವರ್ತ್ ಎಂಬ ಶಿಲ್ಪಿ ಇಂಗ್ಲೆಂಡಿನ ಕಾರ್ನ್‌ವಾಲ್ ಕರಾವಳಿಯ ಸೇಂಟ್ ಐವ್ಸ್ ಊರಿನಲ್ಲಿ 1949ರಲ್ಲಿ ಟ್ರೆವಿನ್ ಸ್ಟುಡಿಯೊವನ್ನು ಕೊಂಡರು. 1975ರಲ್ಲಿ ಅದೇ ಮನೆಯಲ್ಲಿ ಬೆಂಕಿ ಅವಘಡದಲ್ಲಿ ತೀರಿಕೊಳ್ಳುವವರೆಗೆ ಅಲ್ಲಿಯೇ ಕೆಲಸ ಮಾಡಿದರು. ಆ ಜಾಗದಲ್ಲಿ ಮನೆಗಿಂತ ಅಂಗಳ ದೊಡ್ಡದು. ಕಲ್ಲು ಕೆತ್ತುವ ಶೆಡ್ಡಿನ ಬಾಗಿಲಾಚೆಯೇ ಬಯಲು ಅಂಗಳ, ಅದರ ಪಕ್ಕದಲ್ಲಿ ತೋಟ. ಶಿಲ್ಪಗಳನ್ನು ಅವರು ತೋಟದಲ್ಲಿ ಗಿಡಗಳ ನಡುವೆ ನಿಲ್ಲಿಸಿ, ಬೆಳಕು ಬದಲಾದಂತೆ ಅವು ಹೇಗೆ ಬದಲಾಗುತ್ತವೆ ಎಂದು ನೋಡುತ್ತಿದ್ದರು. ಎತ್ತರದ ಗೋಡೆಯಾಚೆ ಊರಿನ ಬೀದಿ, ಆದರೆ ಒಳಗೆ ಅವರು ಬಯಲಿನಲ್ಲಿ, ವರ್ಷದ ಬಹುಭಾಗ, ಕೆಲಸ ಮಾಡಬಹುದಿತ್ತು. ತೋಟದ ಮೂಲೆಯಲ್ಲಿ ಒಂದು ಪುಟ್ಟ ಬಿಳಿಯ ಕೋಣೆ, ಅದರಲ್ಲಿ ಒಂದು ಹಾಸಿಗೆ ಮಾತ್ರ, ದಣಿದಾಗ ಒರಗುವುದಕ್ಕೆ. ಅವರ ಆಸೆಯಂತೆ 1976ರಲ್ಲಿ ಆ ಜಾಗ ಸಂಗ್ರಹಾಲಯವಾಗಿ ತೆರೆಯಿತು. ಕೆತ್ತುವ ಕೋಣೆಯಲ್ಲಿ ಉಳಿ, ಸುತ್ತಿಗೆ, ಅರ್ಧ ಕೆತ್ತಿದ ಕಲ್ಲು ಎಲ್ಲವನ್ನೂ ಹಾಗೆಯೇ ಉಳಿಸಿದ್ದಾರೆ. ಉಳಿಯ ಕೆಲಸ ಗೊತ್ತಿರುವ ನನಗೆ ಆ ಪುಟ್ಟ ಬಿಳಿ ಕೋಣೆ ಬಹಳ ಅರ್ಥವಾಗುತ್ತದೆ. ಕೆತ್ತಿ ಕೆತ್ತಿ ಮಣಿಕಟ್ಟು ಹಿಡಿದುಕೊಂಡಾಗ ಮನೆಯ ಮಂಚಕ್ಕೆ ಹೋದರೆ ಕೆಲಸ ಮುಗಿದುಹೋಗುತ್ತದೆ, ಮೇಜಿನ ಮುಂದೆಯೇ ಕೂತರೆ ದಣಿವು ಆರುವುದಿಲ್ಲ. ಎರಡೂ ಅಲ್ಲದ ಒಂದು ಜಾಗ ಬೇಕು.

ಅಂಥ ಜಾಗವನ್ನು ಬದುಕಿನ ಮುಖ್ಯ ಚಿತ್ರವಸ್ತುವನ್ನಾಗಿಯೇ ಮಾಡಿಕೊಂಡವರು ಜಾರ್ಜಿಯಾ ಓಕೀಫ್. ಅಮೆರಿಕದ ನ್ಯೂ ಮೆಕ್ಸಿಕೊದ ಅಬಿಕ್ಯೂ ಎಂಬ ಹಳ್ಳಿಯಲ್ಲಿ, ಚರ್ಚಿಗೆ ಸೇರಿದ್ದ ಪಾಳುಬಿದ್ದ ಮಣ್ಣಿನ ಮನೆಯೊಂದನ್ನು ಅವರು ವರ್ಷಗಟ್ಟಲೆ ಕೇಳಿ, ಕಾದು, 1945ರಲ್ಲಿ ಪಡೆದರು. ಅವರನ್ನು ಸೆಳೆದದ್ದು ಒಳಾಂಗಣದ ಉದ್ದನೆಯ ಗೋಡೆಯಲ್ಲಿದ್ದ ಒಂದು ಬಾಗಿಲು. ಮನೆಯನ್ನು ಮತ್ತೆ ಎಬ್ಬಿಸುವ ಹೊಣೆಯನ್ನು ಮರಿಯಾ ಚಾಬೊ ಎಂಬಾಕೆ ಹೊತ್ತು, ಸುಮಾರು ನಾಲ್ಕು ವರ್ಷ ದುಡಿದರು. ಗೋಡೆಗಳಿಗೆ ಮಣ್ಣು ಮೆತ್ತಿ ಕೈಯಿಂದ ಸವರಿ ನುಣುಪು ಮಾಡಿದವರು ಆ ಊರಿನ ಹೆಂಗಸರು. ಕುದುರೆಗಾಡಿ ನಿಲ್ಲಿಸುತ್ತಿದ್ದ ಕಟ್ಟಡ ಸ್ಟುಡಿಯೊ ಆಯಿತು. 1949ರಲ್ಲಿ ಓಕೀಫ್ ಅಲ್ಲಿಗೇ ಬಂದು ನೆಲೆಸಿದರು. ಆ ಒಳಾಂಗಣದ ಗೋಡೆ, ಅದರೊಳಗಿನ ಕಪ್ಪು ಚೌಕದಂಥ ಬಾಗಿಲು, ಅಂಗಳದ ಚಪ್ಪಡಿಗಳನ್ನು ಅವರು ಇಪ್ಪತ್ತಕ್ಕೂ ಹೆಚ್ಚು ಸಲ ಚಿತ್ರಿಸಿದ್ದಾರೆ. ಬಾಗಿಲಿನಾಚೆ ಇದ್ದದ್ದು ಚಿತ್ರಗಳನ್ನೂ ಕ್ಯಾನ್ವಾಸುಗಳನ್ನೂ ಇಡುವ ಕೋಣೆ. ಅಂದರೆ ಅವರು ಮತ್ತೆ ಮತ್ತೆ ಬರೆದದ್ದು ಮನೆಯಿಂದ ಕೆಲಸಕ್ಕೆ ದಾಟುವ ಹೊಸ್ತಿಲನ್ನು. ಆ ಮನೆಯಲ್ಲಿ ಗೋಡೆಗಳಿದ್ದು ಮುಚ್ಚುಮಾಡಿಲ್ಲದ ಒಂದು ಕೋಣೆಯನ್ನೂ ಅವರು ಉಳಿಸಿಕೊಂಡರು, ಅಲ್ಲಿ ನೆರಳಿನ ಗೆರೆಗಳು ಗಂಟೆಗಂಟೆಗೂ ನೆಲದ ಮೇಲೆ ಸರಿಯುತ್ತವೆ.

ಈ ಸಾಲನ್ನು ಬರೆಯುವಾಗಲೇ ನನ್ನ ಉತ್ತರ ಸ್ವಲ್ಪ ಸ್ಪಷ್ಟವಾಯಿತು. ಹದಿನಾಲ್ಕು ಹೆಜ್ಜೆಗೆ ಮಾಡು ಹಾಕಿದರೆ ಸ್ಟೋರು ಮನೆಯ ಇನ್ನೊಂದು ಕೋಣೆಯಾಗುತ್ತದೆ. ಈಗ ಅದು ಕೋಣೆಯಲ್ಲ, ಹೋಗಿ ತಲುಪುವ ಜಾಗ. ಬೆಳಿಗ್ಗೆ ಕೊಡೆ ಹಿಡಿದು ಅಂಗಳಕ್ಕಿಳಿದಾಗ ಬ್ರಹ್ಮಗಿರಿಯ ಕಡೆಯ ಮೋಡ ಎಷ್ಟು ಕೆಳಗಿದೆ, ಗದ್ದೆಯ ಹಸಿರು ನಿನ್ನೆಗಿಂತ ಎಷ್ಟು ಬದಲಾಗಿದೆ, ಸಿಲ್ವರ್ ಓಕಿನ ಎಲೆ ಯಾವ ಬದಿ ತಿರುಗಿದೆ ಎಂದು ಕಣ್ಣಿಗೆ ಬೀಳುತ್ತದೆ. ಅನ್ನಕ್ಕಿಟ್ಟ ನೀರಿನ ಯೋಚನೆ ನಾಲ್ಕನೆಯ ಹೆಜ್ಜೆಯವರೆಗೆ ಇರುತ್ತದೆ, ಹತ್ತನೆಯ ಹೆಜ್ಜೆಗೆ ಕೆತ್ತಬೇಕಾದ ಗೆರೆ ಬಂದಿರುತ್ತದೆ.

ಈ ಜಾಗವೇ ಬೇಡವೆಂದು ಬದುಕಿದ ದೊಡ್ಡ ಕಲಾವಿದರೂ ಇದ್ದಾರೆ. ಡೊನಾಲ್ಡ್ ಜಡ್ 1968ರಲ್ಲಿ ನ್ಯೂಯಾರ್ಕಿನ ಸ್ಪ್ರಿಂಗ್ ಸ್ಟ್ರೀಟಿನಲ್ಲಿ, 1870ರಲ್ಲಿ ಕಟ್ಟಿದ ಎರಕದ ಕಬ್ಬಿಣದ ಮುಖವಿರುವ ಐದಂತಸ್ತಿನ ಕಟ್ಟಡ ಕೊಂಡು, ಒಂದು ಅಂತಸ್ತಿಗೆ ಒಂದು ಕೆಲಸ ಎಂದು ನಿಶ್ಚಯಿಸಿದ. ಆಮೇಲೆ ಟೆಕ್ಸಾಸಿನ ಮಾರ್ಫಾ ಎಂಬ ಸಣ್ಣ ಊರಿಗೆ ಹೋಗಿ, ಹಳೆಯ ಕಟ್ಟಡಗಳ ಸುತ್ತ ಮಣ್ಣಿನ ಇಟ್ಟಿಗೆಯ ಎತ್ತರದ ಗೋಡೆ ಎಬ್ಬಿಸಿ ಮನೆ ಮಾಡಿಕೊಂಡ. ಕಲಾಕೃತಿಗಳಿರುವ ಹಾಲುಗಳಲ್ಲಿಯೇ ಮಂಚಗಳನ್ನು ಇಡಿಸಿದ. ಕೃತಿಯ ಜೊತೆ ದಿನಗಟ್ಟಲೆ ಇದ್ದು ನೋಡದೆ ಅದು ತಿಳಿಯುವುದಿಲ್ಲ ಎಂಬ ನಂಬಿಕೆ ಅವನದು. ಆ ನಂಬಿಕೆಯನ್ನು ನಾನು ಗೌರವಿಸುತ್ತೇನೆ. ಆದರೆ ಅಲ್ಲಿ ಅತ್ತೆ ಕಣಿಲೆ, ಅಂದರೆ ಎಳೆ ಬಿದಿರಿನ ಮೊಳಕೆ, ಹೆಚ್ಚಲು ಎಲ್ಲಿ ಕೂರಬೇಕು, ಕರಿಮೆಣಸು ಒಣಗಿಸಲು ಚಾಪೆ ಎಲ್ಲಿ ಹಾಸಬೇಕು ಎಂಬ ಪ್ರಶ್ನೆ ನನ್ನಲ್ಲಿ ಏಳುತ್ತದೆ. ಎಲ್ಲವೂ ಒಬ್ಬನ ಕಣ್ಣಿಗೆ ಸರಿಹೊಂದಿರುವ ಮನೆಯಲ್ಲಿ ಇನ್ನೊಬ್ಬರ ಕೆಲಸಕ್ಕೆ ಜಾಗ ಉಳಿಯುವುದು ಕಷ್ಟ.

ಇನ್ನೊಬ್ಬರ ಕೆಲಸ ಎಂದಾಗ ಸ್ವೀಡನ್ನಿನ ಕರಿನ್ ಲಾರ್ಸನ್ ನೆನಪಾಗುತ್ತಾರೆ. ಸುಂಡ್‌ಬೋರ್ನ್ ಎಂಬ ಹಳ್ಳಿಯ ಹೊಳೆಯ ಪಕ್ಕದ ಪುಟ್ಟ ಮರದ ಮನೆಯನ್ನು ಕರಿನ್‌ರ ತಂದೆ 1888ರಲ್ಲಿ ಮಗಳು ಅಳಿಯನಿಗೆ ಕೊಟ್ಟರು. ಅಳಿಯ ಕಾರ್ಲ್ ಲಾರ್ಸನ್ ಆ ಮನೆಯ ಒಳಗನ್ನು, ಮಕ್ಕಳನ್ನು, ಊಟದ ಮೇಜನ್ನು ಜಲವರ್ಣದಲ್ಲಿ ಚಿತ್ರಿಸಿ, 1899ರಲ್ಲಿ ಪುಸ್ತಕವಾಗಿ ಪ್ರಕಟಿಸಿದ ಮೇಲೆ ಅದು ಲೋಕಪ್ರಸಿದ್ಧ ಮನೆಯಾಯಿತು. ಹೆಸರು ಬಂದದ್ದು ಕಾರ್ಲ್‌ಗೆ. ಚಿತ್ರಗಳಲ್ಲಿ ಕಾಣುವ ನೇಯ್ಗೆಯ ಪರದೆ, ಮೇಜುವಸ್ತ್ರ, ಕಸೂತಿ, ಸರಳ ರೇಖೆಯ ಕುರ್ಚಿ ಮತ್ತು ಹೂಕುಂಡದ ಸ್ಟ್ಯಾಂಡು ಇವುಗಳಲ್ಲಿ ಬಹುಪಾಲು ಕರಿನ್‌ರ ವಿನ್ಯಾಸ. ಆಕೆಯೂ ಚಿತ್ರಕಲೆ ಕಲಿತವರು, ಮದುವೆಯ ನಂತರ ಕುಂಚ ಕೆಳಗಿಟ್ಟವರು. ಕಾರ್ಲ್ ದೊಡ್ಡ ಸ್ಟುಡಿಯೊ ಕಟ್ಟಿಸಿಕೊಂಡ ಮೇಲೆ ಹಳೆಯ ಸ್ಟುಡಿಯೊ ಮನೆಮಂದಿಯ ಕೋಣೆಯೂ ಕರಿನ್‌ರ ಮಗ್ಗದ ಜಾಗವೂ ಆಯಿತು. ಮಕ್ಕಳು ಓಡಾಡುವ ಕೋಣೆಯಲ್ಲಿ ಮಗ್ಗ ಹಾಕಿ ಕುಳಿತು, ಎಂಟು ಮಕ್ಕಳನ್ನು ಹೆತ್ತ ಆ ತಾಯಿ ನೇಯ್ದ ಬಟ್ಟೆಗಳ ಧೈರ್ಯದ ಬಣ್ಣಗಳನ್ನು ನೋಡಿದರೆ, ಆ ಮನೆಯ ನಿಜವಾದ ಸ್ಟುಡಿಯೊ ಯಾವುದು ಎಂಬ ಬಗ್ಗೆ ನನಗೆ ಸಂಶಯ ಉಳಿಯುವುದಿಲ್ಲ.

ನಮ್ಮ ಅತ್ತೆಯವರು ಮನೆಯ ಹಿಂದಿನ ಕೋಣೆಯ ನೆಲಕ್ಕೆ ಇಂದಿಗೂ ಸಗಣಿಗೆ ಇದ್ದಿಲಿನ ಪುಡಿ ಕಲಸಿ ಸಾರಿಸುತ್ತಾರೆ. ಅಂಗೈ ಬೀಸುವ ಕಮಾನುಗಳು ಒಂದರ ಪಕ್ಕ ಒಂದು ಮೂಡಿ ಒಣಗಿದ ಮೇಲೆ ಮೀನಿನ ಹುರುಪೆಯಂತೆ ಕಾಣುತ್ತವೆ. ಅದನ್ನು ನೋಡಿಯೇ ನಾನು ನನ್ನ ಅಚ್ಚುಗಳಲ್ಲಿ ಮಳೆಯ ನೀರು ಗದ್ದೆಯಲ್ಲಿ ಹರಡುವ ಗೆರೆಗಳನ್ನು ಕೆತ್ತುವ ಬಗೆ ಕಂಡುಕೊಂಡದ್ದು. ಮಳೆಗಾಲದ ಆಟಿ ತಿಂಗಳ ಹದಿನೆಂಟಕ್ಕೆ ಅವರು ಮದ್ದುಸೊಪ್ಪು ಬೇಯಿಸಿ, ಆ ನೇರಳೆ ನೀರಿನಲ್ಲಿ ಪಾಯಸ ಮಾಡುತ್ತಾರೆ. ಒಂದು ವರ್ಷ ಆ ನೀರನ್ನು ಕಾಗದಕ್ಕೆ ಹಚ್ಚಿ ನೋಡಿದೆ. ಬಣ್ಣ ನಿಲ್ಲಲಿಲ್ಲ, ಕೆಲವೇ ವಾರಗಳಲ್ಲಿ ಮಾಸಿತು. ಆದರೂ ಸ್ಟೋರಿನ ಕಿಟಕಿಯ ಬಾಗಿಲಿಗೆ ಯಾವ ಬಣ್ಣ ಬಳಿಯಬೇಕು ಎಂಬುದು ಅವತ್ತೇ ನಿಶ್ಚಯವಾಯಿತು.

ಮಣ್ಣಿನ ಮನೆಯನ್ನು ಕಲೆಯೆಂದು ತಿಳಿದು ಕಟ್ಟಿದ್ದನ್ನು ನಮ್ಮ ದೇಶದಲ್ಲಿಯೇ ನಾನು ಕಣ್ಣಾರೆ ನೋಡಿದ್ದು ಕಾಲೇಜಿನ ಪ್ರವಾಸದಲ್ಲಿ, ಶಾಂತಿನಿಕೇತನದಲ್ಲಿ. ಉತ್ತರಾಯಣದ ಆವರಣದಲ್ಲಿ ರವೀಂದ್ರನಾಥ ಟಾಗೋರರು ಒಂದಾದ ಮೇಲೊಂದರಂತೆ ಐದು ಮನೆಗಳಲ್ಲಿ ಇದ್ದರು. ಅವುಗಳಲ್ಲಿ ಶ್ಯಾಮಲಿ 1935ರಲ್ಲಿ ಸಿದ್ಧವಾದದ್ದು, ಗೋಡೆಯಷ್ಟೇ ಅಲ್ಲದೆ ಮಾಡೂ ಮಣ್ಣಿನದೇ. ಸುರೇಂದ್ರನಾಥ ಕರ್ ಅವರ ವಿನ್ಯಾಸ, ನಂದಲಾಲ ಬೋಸ್ ಮತ್ತು ಅವರ ವಿದ್ಯಾರ್ಥಿಗಳ ಕೈಕೆಲಸ. ಹೊರಗೋಡೆಯ ಮೇಲೆ ರಾಮಕಿಂಕರ ಬೈಜ್ ಮೂಡಿಸಿದ ಸಂತಾಲರ ಉಬ್ಬುಚಿತ್ರಗಳು ಗೋಡೆಯ ಮೇಲೆ ಅಂಟಿಸಿದ ಚಿತ್ರಗಳಂತಿಲ್ಲ, ಗೋಡೆಯೇ ಅಲ್ಲಲ್ಲಿ ಮೈತಳೆದು ಎದ್ದು ಬಂದಂತಿವೆ. ಅಲ್ಲಿ ನಿಂತಾಗ ನನಗೆ ಇಪ್ಪತ್ತು ವರ್ಷ. ಈ ಮನೆ ಸುಳ್ಯದ ಮಳೆಗೆ ಒಂದು ತಿಂಗಳೂ ನಿಲ್ಲುವುದಿಲ್ಲ ಎಂದು ಯೋಚಿಸಿದ್ದು ನೆನಪಿದೆ. ನಮ್ಮ ಸೀಮೆಯ ಮಣ್ಣಿನ ಗೋಡೆ ನಿಂತಿರುವುದು ಗೋಡೆಯ ಬಲದಿಂದಲ್ಲ, ಸೂರಿನ ಬಲದಿಂದ. ಸೂರು ಚಾಚಿದಷ್ಟೂ ಅದರ ಕೆಳಗೆ ಜಗಲಿ ಸಿಗುತ್ತದೆ. ಐನ್‌ಮನೆಯ ಆ ನಡುವಿನ ಜಾಗವನ್ನು ಕೊಟ್ಟದ್ದು ಮಳೆಯೇ.

ನಮ್ಮಂತೆಯೇ ತೋಟ ಮತ್ತು ಮಳೆಯ ನಡುವೆ ಮನೆ ಮಾಡಿದವರೆಂದರೆ ಶ್ರೀಲಂಕಾದ ಜೆಫ್ರಿ ಬಾವಾ. ಅವರು ವಾಸ್ತುಶಿಲ್ಪಿ. 1948ರಲ್ಲಿ ಬೆಂತೋಟದ ಹತ್ತಿರ ಕೊಂಡ ಹಳೆಯ ರಬ್ಬರ್ ತೋಟವನ್ನು ಅರ್ಧ ಶತಮಾನ ತಿದ್ದುತ್ತಲೇ ಇದ್ದರು. ಲುನುಗಂಗ ಎಂದು ಅದರ ಹೆಸರು. ಬೆಳಗಿನ ತಿಂಡಿಗೆ ಒಂದು ಕಡೆ, ಮಧ್ಯಾಹ್ನದ ಊಟಕ್ಕೆ ಇನ್ನೊಂದು ಕಡೆ, ಸಂಜೆಗೆ ಮತ್ತೊಂದು ಕಡೆ ಎಂದು ನೆರಳು ಸರಿದಂತೆ ಕೂರುವ ಜಾಗಗಳನ್ನು ಮಾಡಿ, ಎಲ್ಲಿದ್ದೇನೆಂದು ಮನೆಯವರಿಗೆ ತಿಳಿಯಲು ಬೇರೆ ಬೇರೆ ನಾದದ ಗಂಟೆಗಳನ್ನು ತೂಗುಹಾಕಿದ್ದರು.

ಐನ್‌ಮನೆಯ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. ಈಗ ಅದರ ಬೀಗ ತೆಗೆಯುವುದು ಪುತ್ತರಿ, ಕೈಲ್‌ಮುಹೂರ್ತದ ಹಬ್ಬಗಳಿಗೆ, ಹಿರಿಯರಿಗೆ ಎಡೆಯಿಡುವ ದಿನಕ್ಕೆ. ಉಳಿದ ದಿನ ಒಲೆ ಉರಿಯುವುದಿಲ್ಲ. ಹೊಗೆ ತಾಗದ ಅಟ್ಟಕ್ಕೆ ಹುಳು ಹಿಡಿಯುತ್ತದೆ, ಗಾಳಿಯಾಡದ ಗೋಡೆಗೆ ತೇವ ಏರುತ್ತದೆ. 2018ರ ಆಗಸ್ಟಿನ ಮಳೆಯಲ್ಲಿ ಕೊಡಗಿನ ಗುಡ್ಡಗಳು ಜಾರಿದಾಗ ಎಷ್ಟೋ ಮನೆಗಳು ಒಂದೇ ದಿನದಲ್ಲಿ ಹೋದವು. ನಮ್ಮ ಐನ್‌ಮನೆಗೆ ಅಂಥದ್ದೇನೂ ಆಗಲಿಲ್ಲ, ಅದು ನಿಧಾನವಾಗಿ, ಯಾರಿಗೂ ಸದ್ದು ಕೇಳದಂತೆ ಕುಸಿಯುತ್ತಿದೆ. ಹೆಪ್‌ವರ್ತ್‌ರ ಉಳಿಗಳನ್ನು ಕಾಯಲು ಒಂದು ಸಂಸ್ಥೆಯಿದೆ. ಅಬಿಕ್ಯೂವಿನ ಮಣ್ಣಿನ ಗೋಡೆಗೆ ಮತ್ತೆ ಮತ್ತೆ ಮಣ್ಣು ಮೆತ್ತುವ ಕೈಗಳಿವೆ. ನಮ್ಮ ಮನೆಗೆ ನಾವೇ. ಹೋದ ವರ್ಷದಿಂದ ನಾನೂ ನನ್ನ ಓರಗಿತ್ತಿಯೂ ಹದಿನೈದು ದಿನಕ್ಕೊಮ್ಮೆ ಅಲ್ಲಿಗೆ ಹೋಗಿ ಒಲೆ ಹಚ್ಚಿ, ಬಾಗಿಲು ಕಿಟಕಿ ತೆರೆದಿಟ್ಟು, ಕಾಫಿ ಕಾಸಿ ಕುಡಿದು, ಸಂಜೆಗೆ ಬರುತ್ತೇವೆ. ನಾನು ಐಮರದ ಮೇಲೆ ಕೂತು ಚಿತ್ರ ಬರೆಯುತ್ತೇನೆ. ಆ ಮನೆಯಲ್ಲಿ ಕೆಲಸ ನಡೆಯುತ್ತಿದೆ ಎಂದು ಅದಕ್ಕೆ ಗೊತ್ತಾಗಲಿ ಎಂಬುದು ನನ್ನ ಮನಸ್ಸಿನ ಆಸೆ.

ಅಲ್ಲಿ ಕೂತಿದ್ದ ಒಂದು ಮಧ್ಯಾಹ್ನವೇ ಅಂಗಳದ ಮಾಡಿನ ಪ್ರಶ್ನೆ ತೀರಿತು. ಸ್ಟೋರಿಗೆ ಬೇಕಾದದ್ದು ಮನೆಯವರೆಗಿನ ಮಾಡಲ್ಲ, ಅದಕ್ಕೆ ಅದರದ್ದೇ ಒಂದು ಜಗಲಿ. ಮುಂದಿನ ಸೂರನ್ನು ಐದಡಿ ಮುಂದಕ್ಕೆ ಎಳೆದು, ಎರಡು ಕಂಬ ನಿಲ್ಲಿಸಿ, ನಡುವೆ ಒಂದು ಹಲಗೆ ಹಾಕಿದರೆ ಸಾಕು. ಕೊಡೆ ಮಡಿಸಿ ನೀರು ಕೊಡವಲು, ಅಚ್ಚು ಒಣಗುವವರೆಗೆ ಕಾಯಲು, ಮಣಿಕಟ್ಟಿಗೆ ಬಿಡುವು ಕೊಡಲು, ಫೆಬ್ರುವರಿಯಲ್ಲಿ ಮೆಣಸು ಕೊಯ್ಯುವವರು ಬುಟ್ಟಿ ಇಳಿಸಿ ಕೂರಲು ಅದು ಜಾಗವಾಗುತ್ತದೆ. ಯಜಮಾನರಿಗೆ ಹೇಳಿದಾಗ ಅವರು ಸ್ವಲ್ಪ ಹೊತ್ತು ಅಂಗಳ ನೋಡುತ್ತ ನಿಂತು, ಹಲಗೆಗೆ ಮರ ಯಾವುದು ಎಂದಷ್ಟೇ ಕೇಳಿದರು. ಬಾಣೆಯಲ್ಲಿ, ಅಂದರೆ ಗದ್ದೆಗೆ ಸೇರಿದ ಕಾಡುಜಾಗದಲ್ಲಿ, ಬಿದ್ದ ಹಳೆಯ ಹಲಸನ್ನು ಮಾವನವರ ಕಾಲದಲ್ಲಿಯೇ ಸೀಳಿಸಿ ಅಟ್ಟದಲ್ಲಿ ಇಟ್ಟಿದ್ದರು. ಇಷ್ಟು ವರ್ಷ ಹೊಗೆ ಕುಡಿದ ಆ ಹಲಗೆಗಳು ಇನ್ನು ಸೊಟ್ಟಗಾಗುವುದಿಲ್ಲ ಎಂದು ಆಚಾರಿ ಬೆರಳಿನಿಂದ ತಟ್ಟಿ ನೋಡಿ ಹೇಳಿದರು.

ಜೂನ್ ಮೊದಲ ವಾರ ಹಲಗೆ ಕೂತಿತು. ಅದರ ಅಗಲ ಹದಿನೆಂಟು ಅಂಗುಲ, ಬಣ್ಣ ಇನ್ನೂ ಹಳದಿ. ಮರುದಿನ ನಾನು ಹೋಗುವಷ್ಟರಲ್ಲಿ ಅತ್ತೆಯವರು ಮೊರದಲ್ಲಿ ಕಣಿಲೆ ತುಂಬಿಕೊಂಡು ಬಂದು, ಕಂಬಕ್ಕೆ ಬೆನ್ನು ಕೊಟ್ಟು ಅಲ್ಲಿ ಕುಳಿತಾಗಿತ್ತು. ಮಳೆ ಸೂರಿನಿಂದ ಹಗ್ಗದಂತೆ ಇಳಿಯುತ್ತಿತ್ತು. ಇಲ್ಲಿ ಬೆಳಕು ಚೆನ್ನಾಗಿದೆ ಎಂದು ಹೇಳಿ, ಕಣಿಲೆ ಹಾಕಿಡಲು ಅಡುಗೆಕೋಣೆಯಿಂದ ನೀರಿನ ಪಾತ್ರೆ ತಂದುಕೊಡು ಎಂದರು. ಕೊಡೆ ಬಿಡಿಸಿ ಅಂಗಳಕ್ಕಿಳಿದೆ.